ಕೋಟೆಬೀದಿಯ ಬಿಂದಿಗೆ

ಹೋದ ತಿಂಗಳು ನೆಂಟರ ಮದುವೆಗೆಂದು ಮಧುಗಿರಿಗೆ ಹೋಗಿದ್ದೆ. ಊಟವಾದ ಮೇಲೆ ಛತ್ರದ ಹಿಂದೆ ಕೈ ತೊಳೆಯಲು ಹೋದರೆ ಅಲ್ಲಿ ಇಬ್ಬರು ಹೆಂಗಸರು ಕುಕ್ಕರಗಾಲಲ್ಲಿ ಕೂತು ಹಿತ್ತಾಳೆ ಕೊಳಗಗಳಿಗೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದರು. ಹುಳಿ, ಬೂದಿ, ಒದ್ದೆ ಲೋಹ ಮೂರೂ ಬೆರೆತ ಆ ವಾಸನೆ ಮೂಗಿಗೆ ಬಂದದ್ದೇ ತಡ, ಬಾಯಲ್ಲಿದ್ದ ಹೋಳಿಗೆಯ ಸಿಹಿ ಇಳಿದುಹೋಯಿತು. ಮಗಳು ಎಲೆ ಅಡಿಕೆ ಹಿಡಿದುಕೊಂಡು ಹುಡುಕುತ್ತಾ ಬಂದಳು. ಅವಳಿಗೆ ಏನೂ ಹೇಳದೆ ಒಬ್ಬಳೇ ಕೋಟೆಯ ಕಡೆ ನಡೆದೆ. ಬೀದಿಗಳು ಅವೇ. ಬೆಟ್ಟವೂ ಅದೇ. ಆದರೆ ಕೊನೆಯ ಮನೆಯವರೆಗೆ ಹೋಗಲು ನನ್ನ ಕಾಲು ಒಪ್ಪಲಿಲ್ಲ. ಗುಡಿಯ ಹತ್ತಿರವೇ ಸ್ವಲ್ಪ ಹೊತ್ತು ಕೂತಿದ್ದು ಎದ್ದು ಬಂದೆ.

ಜನತಾ ಸರ್ಕಾರ ಬಂದಿದ್ದ ಕಾಲದ ಒಂದು ಬೇಸಿಗೆಯ ಮಾತು ಇದು. ಆಗ ನನಗೆ ಇಪ್ಪತ್ತೈದೋ ಇಪ್ಪತ್ತಾರೋ. ತಲೆಯ ಮೇಲೆ ಸ್ಟೀಲ್ ಪಾತ್ರೆಯ ಬುಟ್ಟಿ ಹೊತ್ತು ಆ ಬೀದಿಗಳಲ್ಲಿ ಕೂಗುತ್ತಾ ಓಡಾಡಿದವಳು ನಾನು.

ನಾನು ಬರಗೂರಿನ ಕಡೆಯವಳು. ಅಪ್ಪ ಕುರಿ ಸಾಕುತ್ತಿದ್ದ. ನನ್ನನ್ನು ಕುರಿಗಳ ಹಿಂದೆ ಕಳಿಸಿದರೇ ಹೊರತು ಶಾಲೆಗೆ ಕಳಿಸಲಿಲ್ಲ. ಓದು ಕಲಿಯದಿದ್ದರೂ ಶಿರಾ ಸಂತೆಯಲ್ಲಿ ಅಪ್ಪನ ಪಕ್ಕ ನಿಂತು ವ್ಯಾಪಾರ ಕಲಿತೆ. ಕೊಳ್ಳಲು ಬಂದವನ ಬಾಯಿ ನೋಡಬಾರದು, ಕಾಲು ನೋಡಬೇಕು ಎನ್ನುತ್ತಿದ್ದ ಅಪ್ಪ. ಬಾಯಿ ಎಷ್ಟೇ ಬೇಡ ಎನ್ನಲಿ, ಪಾದ ಹೊರಡುವ ಕಡೆಗೆ ತಿರುಗಿಲ್ಲವೆಂದರೆ ಅವನಿಗೆ ಬೇಕು ಎಂದೇ ಅರ್ಥ. ಇವತ್ತಿಗೂ ಸೀರೆ ಅಂಗಡಿಗೆ ಹೋದರೆ ನನ್ನ ಕಾಲನ್ನು ಬಾಗಿಲ ಕಡೆಗೇ ಇಟ್ಟುಕೊಂಡು ಕೂರುತ್ತೇನೆ. ನೀವೂ ಹಾಗೆ ಮಾಡಿ ನೋಡಿ, ಅಂಗಡಿಯವನು ತಾನಾಗಿ ಇಳಿಯುತ್ತಾನೆ.

ಮದುವೆಯಾಗಿ ಶಿರಾಕ್ಕೆ ಬಂದೆ. ಗಂಡ ಲಾರಿಗೆ ಮೂಟೆ ಹೊರುತ್ತಿದ್ದವನು ಒಂದು ದಿನ ಸೊಂಟ ಹಿಡಿದುಕೊಂಡು ಕೂತವನು ಮತ್ತೆ ಸರಿಯಾಗಿ ಏಳಲಿಲ್ಲ. ಆಗ ಬಾಷಾ ಸಾಬರ ಮಂಡಿಗೆ ಹೋದೆ. ಅವರು ಹೊಸ ಸ್ಟೀಲ್ ಪಾತ್ರೆ ಕೊಡುವುದು, ಹಳೆಯ ಹಿತ್ತಾಳೆ ತಾಮ್ರ ತೆಗೆದುಕೊಳ್ಳುವುದು, ರಾಶಿ ಒಂದು ಲಾರಿಯಷ್ಟಾದಾಗ ಕರಗಿಸಲು ಕಳಿಸುವುದು, ಇದೇ ವ್ಯಾಪಾರ. ಸ್ಟೀಲ್ ಅಂದರೆ ಹೆಂಗಸರು ಸಾಯುತ್ತಿದ್ದ ಕಾಲ ಅದು. ಹುಣಸೆಹಣ್ಣು ಬೇಡ, ಕಲಾಯಿ ಬೇಡ, ಎರಡು ಚೆಂಬು ನೀರಲ್ಲಿ ತೊಳೆದಿಟ್ಟರೆ ಮುಖ ಕಾಣುತ್ತದೆ. ನೀರಿಗೆ ಪರದಾಡುವ ನಮ್ಮ ಸೀಮೆಯಲ್ಲಿ ಅದೇನು ಕಡಿಮೆ ಮಾತೇ?

ಮೊದಲನೇ ದಿನ ಸಾಬರು ನನಗೊಂದು ಪಾಠ ಹೇಳಿದರು.

"ಬೇಟಿ, ಮಾಲು ಕೈಗೆ ಬಂತಾ, ಅಲ್ಲೇ ಬಾಗ್ಲಾಗೇ ಬಾಯಿ ಮುರ್ದು ಹಾಕು. ಕಲ್ಲು ತಗೊ, ಜಜ್ಜು. ತಡ ಮಾಡ್ಬೇಡ."

"ಯಾಕೆ ಸಾಬ್ರೆ? ಚೆನ್ನಾಗಿರೋ ಪಾತ್ರೆ ಅಲ್ವಾ?"

"ಚೆನ್ನಾಗಿದ್ರೆ ಅವ್ರ ಜೀವ ಅದ್ರ ಮೇಲೇ ಇರ್ತದೆ. ಬೀದಿ ತಿರುಗೋದ್ರಾಗೆ ಓಡ್ಬಂದು ವಾಪಸ್ ಕೊಡು ಅಂತಾರೆ. ಜಜ್ಜಿದ್ರೆ ಯಾರೂ ಕೇಳಲ್ಲ. ಬುಟ್ಟೀನಾಗೆ ಜಾಗಾನೂ ಆಯ್ತು."

ಬುದ್ಧಿವಂತಿಕೆಯ ಮಾತು ಅನ್ನಿಸಿತು. ಬುಟ್ಟಿಯಲ್ಲಿ ಒಂದು ಗುಂಡುಕಲ್ಲು ಯಾವಾಗಲೂ ಇರುತ್ತಿತ್ತು.

ಶಿರಾ, ಕೊರಟಗೆರೆ ಎರಡೂ ಕಡೆ ಆಗಲೇ ಪಾತ್ರೆಯವರು ತುಂಬಿಕೊಂಡಿದ್ದರು. ಮಧುಗಿರಿಯ ಹೊಸ ಬಡಾವಣೆಗಳಲ್ಲೂ ಅಷ್ಟೇ. ನಾನು ಬೆಳಗಿನ ಬಸ್ಸು ಹತ್ತಿ, ಬಡವನಹಳ್ಳಿ ದಾಟಿ, ಬಸ್ ಸ್ಟ್ಯಾಂಡಿನಲ್ಲಿ ಇಳಿದು ಸೀದಾ ಹಳೇ ಪೇಟೆಗೆ ಹೋದೆ. ಅಲ್ಲಿಗೆ ಯಾರೂ ಹೋಗುತ್ತಿರಲಿಲ್ಲ. ಬೀದಿ ಕಿರಿದು, ಜನ ಜಿಪುಣರು ಎಂದು ಹೆದರಿಸಿದ್ದರು. ನನ್ನ ಲೆಕ್ಕಾಚಾರ ಬೇರೆ ಇತ್ತು. ಬೀದಿ ಹಳೆಯದಾದಷ್ಟೂ ಅಟ್ಟ ಭಾರವಾಗಿರುತ್ತದೆ. ಊರು ನೋಡಲು ಬಂದವರು ಕೋಟೆ ನೋಡುತ್ತಾರೆ, ಬುರುಜು ನೋಡುತ್ತಾರೆ. ನಾನು ನೋಡುತ್ತಿದ್ದುದು ಅಟ್ಟ.

ಆದರೂ ಮೊದಲ ದಿನ ಆ ಬೆಟ್ಟ ನನ್ನನ್ನು ನಿಲ್ಲಿಸಿಬಿಟ್ಟಿತು. ಕುರಿ ಹಿಂದೆ ಬಂಡೆ ಹತ್ತಿ ಬೆಳೆದವಳು ನಾನು. ಆದರೆ ಇಂಥದ್ದನ್ನು ಕಂಡಿರಲಿಲ್ಲ. ಒಂದೇ ಕಲ್ಲು, ಊರಿನ ತಲೆಯ ಮೇಲೆ ನೇರ ಎದ್ದು ನಿಂತು ಅರ್ಧ ಆಕಾಶ ತಿಂದುಬಿಟ್ಟಿದೆ. ಅದರ ಮೈಮೇಲೆ ಕೋಟೆಯ ಗೋಡೆ ದಾರದ ಹಾಗೆ ಹತ್ತಿಹೋಗಿದೆ. ಅಲ್ಲಲ್ಲಿ ಹೆಜ್ಜೇನಿನ ಕಪ್ಪು ತಟ್ಟೆ. ಕೆಳಗೆ ಎರಡು ಹಳೇ ಗುಡಿ ಅಕ್ಕಪಕ್ಕ, ವೆಂಕಟರಮಣನದೊಂದು, ಮಲ್ಲೇಶ್ವರನದೊಂದು. ಗುಡಿಯ ಸುತ್ತ ಬೀದಿಗಳು ಒಂದರೊಳಗೊಂದು ತೂರಿಕೊಂಡು ಹೋಗಿ ಕೊನೆಗೆ ಬಂಡೆಗೇ ಮುಟ್ಟುತ್ತವೆ. ಎಲ್ಲ ಮನೆಗೂ ಕಲ್ಲಿನ ಜಗಲಿ, ತಗ್ಗಿ ಹೋಗಬೇಕಾದ ಬಾಗಿಲು. ನಾನು ಹನ್ನೊಂದು ಗಂಟೆಯವರೆಗೆ ಸುತ್ತಿ ಸುತ್ತಿ ಮೂರು ಸಲ ಅದೇ ಬಾವಿಯ ಹತ್ತಿರ ಬಂದೆ. ಒಂದು ಲೋಟವೂ ಹೋಗಿರಲಿಲ್ಲ.

ನಾಲ್ಕನೇ ಸಲ ತಿರುಗಿದಾಗ ಕೊನೆಯ ಮನೆಯ ಜಗಲಿಯಿಂದ ಒಂದು ದನಿ ಬಂತು.

"ಲೇ ಪಾತ್ರೆಯೋಳೆ, ಆಗ್ಲಿಂದ ಗಾಣದೆತ್ತಿನಂಗೆ ಸುತ್ತುತಾ ಇದೀಯಲ್ಲೇ! ಇಳ್ಸು ಬುಟ್ಟೀನ."

ಬಿಳೀ ಸೀರೆಯ ಮುದುಕಿ, ಕಂಬಕ್ಕೆ ಒರಗಿ ಕೂತಿದ್ದರು. ಕಣ್ಣು ನನ್ನ ಕಡೆಗಿದ್ದರೂ ನನ್ನ ಮೇಲಿರಲಿಲ್ಲ. ಎರಡು ಕಣ್ಣಲ್ಲೂ ಗಂಜಿ ನೀರಿನಂಥ ಪೊರೆ.

"ಅಮ್ಮಾ, ನಿಮಗೆ ಕಣ್ಣು..."

"ಕಾಣಕಿಲ್ಲ. ಕಿವಿ ಐತಲ್ಲ. ನಿನ್ನ ಕಾಲಿನ ಕಡಗ ನಾಕನೇ ಸಲ ಈ ದಾರೀಲಿ ಬಂತು." ಮುದುಕಿ ನಕ್ಕರು. "ಒಳೀಕೆ ಬಾ, ಒಂದು ಲೋಟ ನೀರು ಕುಡಿ."

ಗೌರಮ್ಮನವರು ಎಂದು ಅವರ ಹೆಸರು. ಮಗ ಸಹಕಾರ ಸಂಘವೊಂದರಲ್ಲಿ ಗುಮಾಸ್ತ, ಬೆಳಗ್ಗೆ ಹೋದರೆ ಸಂಜೆಗೆ ಬರುವವರು. ಸೊಸೆ ಸರೋಜ ನನ್ನ ವಯಸ್ಸಿನವಳು. ಆ ಹಳೇ ಪೇಟೆಯನ್ನು ನನಗೆ ತೋರಿಸಿದ್ದು ಕಣ್ಣಿಲ್ಲದ ಈ ಗೌರಮ್ಮನವರೇ. ಜಗಲಿಯ ಮೇಲೆ ಕೂತಲ್ಲಿಂದಲೇ.

"ಬಂಡೆ ಕಾವು ಬೆನ್ನಿಗೆ ಬಡೀತಾ ಐತೆ ಅಂದ್ರೆ ನೀನು ನಮ್ಮ ಬೀದೀಲಿ ಇದೀಯ. ಕಾಲ ಕೆಳಗೆ ಹಾಸುಗಲ್ಲು ಮುಗಿದು ಮಣ್ಣು ಸಿಕ್ತು ಅಂದ್ರೆ ಕೋಟೆ ಬಾಗ್ಲು ಹತ್ರ ಬಂದೆ ಅಂತ. ಅಲ್ಲಿ ಎಡಕ್ಕೆ ತಿರುಗು. ಗುಡಿ ಮುಂದ್ಲ ಬೀದಿಗೆ ಬೆಳಗ್ಗೆ ಹೋಗಬ್ಯಾಡ, ಮಡಿ ಉಟ್ಕಂಡಿರ್ತಾರೆ, ನಿನ್ನ ಮಾತೇ ಆಡ್ಸಲ್ಲ. ಮಧ್ಯಾನ ಗಂಡಸ್ರು ಮಲಗಿದ್ ಮೇಲೆ ಹೋಗು. ಬಸದಿ ಕಡೆಯೋರು ಕೊಡೋ ಮಾತು ಒಂದೇ ಸಲ ಕೊಡ್ತಾರೆ, ಅಲ್ಲಿ ಚೌಕಾಸಿ ಮಾಡಿ ನಗೆಪಾಟಲಾಗಬ್ಯಾಡ."

ಅವರು ಹೇಳಿದ ಹಾಗೆ ನಡೆದೆ. ಆ ವಾರವೇ ಬುಟ್ಟಿ ಖಾಲಿಯಾಗಿ, ತುಂಬಿ ಬಂತು. ವಾರಕ್ಕೆರಡು ದಿನ ಬರತೊಡಗಿದೆ. ಬೀದಿಗಳು ನನಗೆ ಮನೆಗಳ ಹೆಸರಿನಿಂದಲ್ಲ, ಲೋಹದಿಂದ ಗುರುತಾದವು. ಈ ಮನೆಯಲ್ಲಿ ತಾಮ್ರದ ಹಂಡೆ ಇದೆ, ಕೊಡುವ ಮನಸ್ಸಿಲ್ಲ. ಆ ಮನೆಯಲ್ಲಿ ಅತ್ತೆ ಸತ್ತರೆ ಪರಾತ ಹೊರಗೆ ಬರುತ್ತದೆ. ಹೀಗೆಲ್ಲ ಯೋಚಿಸುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಮಧ್ಯಾಹ್ನ ಬಿಸಿಲು ಏರಿದಾಗ ಬಂಡೆಯಿಂದ ಕೆಂಡದ ಗಾಳಿ ಬೀಸುತ್ತಿತ್ತು, ಆಗ ಗೌರಮ್ಮನವರ ಪಡಸಾಲೆ ನನ್ನ ಜಾಗ. ರೊಟ್ಟಿ ಗಂಟು ಅಲ್ಲೇ ಬಿಚ್ಚುತ್ತಿದ್ದೆ.

"ಏನೇ ತಂದಿದೀಯ ಇವತ್ತು?"

"ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಅಮ್ಮ."

"ಒಂದು ಚೂರು ಮುರ್ಕೊಡು. ಸರೋಜಂಗೆ ಹೇಳಬ್ಯಾಡ, ವೈದ್ಯ ಖಾರ ಬ್ಯಾಡ ಅಂದವ್ನೆ."

"ನಂಗೆ ಕೇಳ್ಸುತ್ತೆ ಅತ್ತೆ" ಎಂದು ಒಳಗಿನಿಂದ ಸರೋಜ.

"ಕೇಳ್ಸಿದ್ರೆ ಕೇಳ್ಸಲಿ, ನಿಂಗೂ ಒಂದು ಚೂರು ಬಾ."

ಪಡಸಾಲೆಯ ಗೂಡಿನಲ್ಲಿ, ಅವರ ಮಂಚದ ತಲೆದಿಂಬಿನ ಹತ್ತಿರ, ಒಂದು ಹಿತ್ತಾಳೆ ಬಿಂದಿಗೆ ಇತ್ತು. ಅವರು ಕುಡಿಯುವ ನೀರು ಅದರಲ್ಲೇ. ಅದನ್ನು ತುಂಬುವುದು, ಉಜ್ಜುವುದು ಎಲ್ಲ ಅವರೇ, ತಡಕಾಡಿಕೊಂಡು. ಸರೋಜ ಮುಟ್ಟುವ ಹಾಗಿರಲಿಲ್ಲ. ಮಾತಾಡುವಾಗ ಅವರ ಬೆರಳು ಬಿಂದಿಗೆಯ ಹೆಗಲ ಮೇಲೆ ಹರಿದಾಡುತ್ತಿರುತ್ತಿತ್ತು. ಧೂಳು ಒರೆಸುತ್ತಿದ್ದಾರೆ ಎಂದುಕೊಂಡಿದ್ದೆ. ಅಲ್ಲೇನೋ ಚುಕ್ಕೆ ಚುಕ್ಕೆಯಾಗಿ ಬರೆದದ್ದೂ ಕಂಡಿತ್ತು. ಅಕ್ಷರ ಬಾರದವಳಿಗೆ ಎಲ್ಲ ಬರಹವೂ ಒಂದೇ. ಪಾತ್ರೆಗಳ ಮೇಲೆ ಏನಾದರೂ ಬರೆದಿರುತ್ತಾರೆ, ಅಷ್ಟೇ.

ಮೇ ತಿಂಗಳಲ್ಲಿ ತುಮಕೂರಿನಲ್ಲಿ ಪುಕ್ಕಟೆಯಾಗಿ ಕಣ್ಣಿನ ಪೊರೆ ತೆಗೆಯುತ್ತಾರೆ ಎಂದು ಸುದ್ದಿ ಬಂತು. ಹೋಗಿ ಎಂದು ದುಂಬಾಲು ಬಿದ್ದವಳು ನಾನೇ. "ಪುಕ್ಕಟೆ ಸಿಗೋದನ್ನ ಬಿಟ್ಟರೆ ಆಮೇಲೆ ಕೈಯಿಂದ ಹಾಕ್ಬೇಕಾಗ್ತದೆ ಅಮ್ಮ" ಎಂದು ಹೇಳಿ ಹೇಳಿ ಒಪ್ಪಿಸಿದೆ. ಮಗ ರಜೆ ಹಾಕಿ ಕರೆದುಕೊಂಡು ಹೋದರು. ಹತ್ತು ಹನ್ನೆರಡು ದಿನ ಅಲ್ಲೇ ಇರಬೇಕಿತ್ತು.

ಅವರು ಹೋದ ಮೂರನೇ ದಿನ ಸರೋಜ ನನ್ನನ್ನು ಬಾಗಿಲಲ್ಲೇ ಹಿಡಿದಳು.

"ಲಕ್ಕಮ್ಮ, ಈಗ್ಲೇ ಆಗ್ಬೇಕು. ಅತ್ತೆ ಇದ್ರೆ ಒಂದು ಸೌಟೂ ಹೊರಕ್ಕೆ ಬಿಡಲ್ಲ. ಉಜ್ಜಿ ಉಜ್ಜಿ ನನ್ನ ಉಗುರು ನೋಡು."

ಅವಳ ಬೆರಳ ತುದಿ ಹುಣಸೆಹಣ್ಣಿನ ಹುಳಿಗೆ ಸೀಳುಬಿಟ್ಟಿತ್ತು. ಆಸೆಪಟ್ಟದ್ದರಲ್ಲಿ ತಪ್ಪೇನೂ ಇರಲಿಲ್ಲ. ಅಟ್ಟದಿಂದ ಎರಡು ಕೊಳಗ, ಒಂದು ಪರಾತ, ನಾಲ್ಕು ಚೆಂಬು ಇಳಿಸಿದಳು. ಅವಳ ಕಣ್ಣೆಲ್ಲ ನನ್ನ ಬುಟ್ಟಿಯಲ್ಲಿದ್ದ ಐದು ಡಬ್ಬಗಳ ಸೆಟ್ಟಿನ ಮೇಲಿತ್ತು. ಒಂದರೊಳಗೊಂದು ಕೂರುವ, ಕನ್ನಡಿಯಂಥ ಡಬ್ಬಗಳು.

ತಕ್ಕಡಿ ಎತ್ತಿದೆ. "ನಾಕು ಡಬ್ಬಕ್ಕೆ ಸರಿಹೋಯ್ತು ಸರೋಜಕ್ಕ. ಐದನೇದಕ್ಕೆ ಇನ್ನೊಂದು ಏನಾದ್ರೂ ಹಾಕು."

"ಇನ್ನೇನೂ ಇಲ್ಲ ಕಣೆ."

ನನ್ನ ಕಣ್ಣು ಗೂಡಿಗೆ ಹೋಯಿತು. "ಅದು?"

"ಅದು ಬೇಡ. ಅದು ಅತ್ತೇದು."

ಆಗ ನಾನು ಏನು ಮಾಡಿದೆ ಎಂಬುದನ್ನು ಬರೆಯಲೇಬೇಕು. ನಾಲ್ಕು ಡಬ್ಬ ಹೊರಗಿಟ್ಟು, ಐದನೆಯದನ್ನು ಸೆರಗಿನಿಂದ ನಿಧಾನವಾಗಿ ಒರೆಸಿ ಬುಟ್ಟಿಗೆ ಹಾಕಿದೆ. ಪಾದವನ್ನು ಬಾಗಿಲ ಕಡೆಗೆ ತಿರುಗಿಸಿದೆ. "ಬುಡು, ನಾಕೇ ಇರ್ಲಿ. ಸೆಟ್ಟು ಒಡೀತಲ್ಲ ಅಂತ ಬೇಜಾರು, ಅಷ್ಟೇ. ಕಣ್ಣು ಬಂದ್ಮೇಲೆ ಅವ್ರು ಸ್ಟೀಲ್ ಬಿಂದಿಗೇನೇ ಕೇಳ್ತಾರೆ ನೋಡ್ಕ."

ಸರೋಜ ಅರೆಗಳಿಗೆ ನಿಂತಳು. "ತಡಿ" ಎಂದಳು. ಬಿಂದಿಗೆ ಎತ್ತಿ ತಂದು ಅದರೊಳಗಿದ್ದ ನೀರನ್ನು ಬಾಗಿಲಾಚೆ ಚೆಲ್ಲಿದಳು. ನಾನು ಕಲ್ಲು ತೆಗೆದುಕೊಂಡೆ. ಬೀದಿಯ ಚರಂಡಿಯ ಚಪ್ಪಡಿಯ ಮೇಲೆ ಬಾಯಿ ಮುರಿದೆ, ಹೊಟ್ಟೆ ಜಜ್ಜಿದೆ. ಆ ಸದ್ದು ಬಂಡೆಗೆ ಬಡಿದು ವಾಪಸು ಬರುತ್ತಿತ್ತು. ಏಳೆಂಟು ಪೆಟ್ಟಿನ ಕೆಲಸ. ಅವತ್ತು ಸಂಜೆ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತ್ತು, ಖುಷಿಯಾಗಿದ್ದೆ.

ಮತ್ತೆ ನಾನು ಆ ಮನೆಗೆ ಹೋಗುವ ಹೊತ್ತಿಗೆ ಗೌರಮ್ಮನವರು ಬಂದಿದ್ದರು. ಕಣ್ಣಿನ ಮೇಲೆ ಹಸಿರು ಬಟ್ಟೆಯ ಪಟ್ಟಿ. ಮಂಚದ ಮೇಲೆ ಅಲ್ಲಾಡದೆ ಮಲಗಿದ್ದರೂ ಕಡಗದ ಸದ್ದಿಗೇ ಮುಖ ತಿರುಗಿಸಿದರು.

"ಬಂದ್ಯಾ ಲಕ್ಕಿ? ಇನ್ನು ನಾಕು ದಿನಕ್ಕೆ ಪಟ್ಟಿ ಬಿಚ್ತಾರಂತೆ. ಲೇ, ನನ್ನ ಬಿಂದಿಗೆ ಎಲ್ಲಿ ಅಂದ್ರೆ ಕಲಾಯಿಗೆ ಕೊಟ್ಟಿದೀನಿ ಅಂತಾಳೆ ಸರೋಜ. ಕಲಾಯಿಯೋನು ಇಷ್ಟು ದಿನ ಏನು ಮಾಡ್ತವ್ನೆ? ನೀನು ಬೀದಿ ಸುತ್ತೋಳು, ಅವನನ್ನ ಕಂಡ್ರೆ ನಾಕು ಬೈದು ಈಸ್ಕಂಡು ಬಾರಮ್ಮ. ಕಣ್ಣು ಬಿಟ್ಟ ತಕ್ಷಣ ಅದನ್ನ ನೋಡ್ಬೇಕು ನಾನು."

ನಾನು ಸರೋಜಳ ಮುಖ ನೋಡಿದೆ. ಅವಳು ಗೋಡೆ ನೋಡಿದಳು.

"ಬಿಂದಿಗೇಲಿ ಏನೈತಮ್ಮ ಅಂಥಾದ್ದು?" ಎಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು.

"ನನ್ ಮಗಳ ಹೆಸ್ರೈತೆ ಕಣೆ ಅದ್ರ ಮ್ಯಾಲೆ."

ಆಮೇಲೆ ಅವರು ಹೇಳಿದ್ದು ಇಷ್ಟು. ವನಜ ಎಂದು ಮಗಳು. ಮದುವೆಯ ಹಿಂದಿನ ಸಂಜೆ, ಕೊರೆಯುವವನು ಬರಲಿಲ್ಲವೆಂದು ಅವಳ ಅಪ್ಪನೇ ಮೊಳೆ ಸುತ್ತಿಗೆ ಹಿಡಿದು ಇದೇ ಪಡಸಾಲೆಯಲ್ಲಿ ಕೂತು, ಚುಕ್ಕೆ ಚುಕ್ಕೆಯಾಗಿ ಹೆಸರು ಬರೆದರಂತೆ. ಕೈ ನಡುಗುವ ಮನುಷ್ಯ. ಒಂದು ಕಡೆ ಮೊಳೆ ಜಾರಿ ಗೀಚಿತಂತೆ. ಮದುವೆಯ ಗದ್ದಲದಲ್ಲಿ ಗೌರಮ್ಮನವರು ಅದನ್ನು ಕಣ್ಣಿಟ್ಟು ನೋಡಲೇ ಇಲ್ಲ. ವನಜ ಕೊರಟಗೆರೆಗೆ ಹೋದಳು. ಮೊದಲ ಹೆರಿಗೆಯಲ್ಲೇ ಹೋಗಿಬಿಟ್ಟಳು, ಮಗುವೂ ಉಳಿಯಲಿಲ್ಲ. ಕೆಲವು ವರ್ಷಕ್ಕೆ ಅಪ್ಪನೂ ಹೋದರು. ಅಷ್ಟಾದ ಮೇಲೆ ಬೀಗರು ಆ ಬಿಂದಿಗೆಯನ್ನು ಯಾರದೋ ಕೈಯಲ್ಲಿ ಬಸ್ಸಿಗೆ ಹಾಕಿ ಕಳಿಸಿಕೊಟ್ಟರು.

"ಅದು ಬರೋ ಹೊತ್ಗೆ ನಂಗೆ ಕಣ್ಣು ಮಂಜಾಗಿತ್ತು. ನಾಕನೇ ಕ್ಲಾಸು ಓದಿದೀನಿ, ಓದಾಕ್ ಬರುತ್ತೆ. ಆದ್ರೆ ನನ್ ಮಗಳ ಹೆಸ್ರನ್ನ ಅವಳಪ್ಪ ಹೆಂಗೆ ಬರೆದವ್ನೆ ಅಂತ ಒಂದಿನಾನೂ ಕಣ್ಣಾರೆ ಕಂಡಿಲ್ಲ ಕಣೆ. ಬೆರಳಲ್ಲೇ ಓದ್ಕಂತೀನಿ. ನೀನು ಆಸ್ಪತ್ರೆಗೆ ಹೋಗು ಹೋಗು ಅಂತ ಪ್ರಾಣ ತಿಂದ್ಯಲ್ಲ, ಅದಕ್ಕೇ ಒಪ್ಕಂಡಿದ್ದು. ಒಂದ್ಸಲ ನೋಡ್ಬುಡಾನ ಅಂತ."

ಹೊರಗೆ ಬಂದ ಮೇಲೆ ಸರೋಜ ನನ್ನ ತೋಳು ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರಿತ್ತು, ಸಿಟ್ಟೂ ಇತ್ತು. "ಆರು ವರ್ಷ ಆಯ್ತು ಈ ಮನೆಗೆ ಬಂದು. ನನ್ ಹೆಸ್ರು ಒಂದು ಲೋಟದ ಮೇಲೂ ಇಲ್ಲ ಲಕ್ಕಮ್ಮ. ದಿನಾ ಅದನ್ನೇ ಸವರೋದು, ಅದನ್ನೇ ಸವರೋದು. ಆ ಹೊತ್ತಲ್ಲಿ ಹೋಗ್ಲಿ ಅನ್ನಿಸ್ಬಿಡ್ತು. ಈಗ ಹೆಂಗಾದ್ರೂ ತಂದ್ಕೊಡು, ನಿನ್ ಕಾಲಿಗೆ ಬೀಳ್ತೀನಿ."

ಕಾಲಿಗೆ ಬೀಳಬೇಕಾದವಳು ಅವಳಲ್ಲ. ನಾನು ಬುಟ್ಟಿಯನ್ನು ಅಲ್ಲೇ ಬಿಟ್ಟು ಬಸ್ಸಿಗೆ ಓಡಿದೆ.

ಪುಣ್ಯಕ್ಕೆ ಲಾರಿ ಇನ್ನೂ ಹೊರಟಿರಲಿಲ್ಲ. ಮಂಡಿಯ ಹಿಂದೆ ರಾಶಿ ನನ್ನ ಎದೆಯೆತ್ತರಕ್ಕೆ ಬಿದ್ದಿತ್ತು. ಜಜ್ಜಿದ ಬಿಂದಿಗೆಗಳು ನೂರಾರು, ಎಲ್ಲವೂ ಒಂದೇ ಥರ. ಯಾವುದು ಎಂದು ಗುರುತು ಹಿಡಿಯಲಿ? ಸಾಬರು ತಮ್ಮ ಗುಮಾಸ್ತರನ್ನು ಕೂಗಿದರು. "ಪಾಪ, ನಮ್ ಬೇಟಿ ಮೊದಲ್ನೇ ಸಲ ಅಳ್ತಾ ಅವ್ಳೆ. ಓದಿ ನೋಡಪ್ಪ."

ನಾನು ಒಂದೊಂದೇ ಎತ್ತಿ ಹಿಡಿದೆ, ಗುಮಾಸ್ತರು ಮೂಗಿನ ಹತ್ತಿರ ತಂದು ಓದುತ್ತಾ ಹೋದರು. ಪಾರ್ವತಮ್ಮ. ತಾಯಿಯವರ ಜ್ಞಾಪಕಾರ್ಥ. ಚಿರಂಜೀವಿ ನಾಗರಾಜನ ನಾಮಕರಣಕ್ಕೆ ಸೋದರಮಾವ ಕೊಟ್ಟಿದ್ದು. ಲಿಂಗಮ್ಮ. ದೇವೀರಮ್ಮ. ಅಲ್ಲಿಯವರೆಗೆ ಹಿತ್ತಾಳೆ ಹಿತ್ತಾಳೆ ಎಂದು ತಂದು ಸುರಿದಿದ್ದೆ. ಅಷ್ಟೂ ಜನರು ಅಲ್ಲಿದ್ದರು. ನನ್ನ ಕೈಯಿಂದಲೇ ಜಜ್ಜಿಸಿಕೊಂಡು ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಸಂಜೆಯ ಹೊತ್ತಿಗೆ ಗುಮಾಸ್ತರು "ವನಜ" ಎಂದರು. "ಯಾರೋ ಬರೀಲಿಕ್ಕೆ ಬಾರದೋನು ಬರ್ದಿರೋದು. ಸೊಟ್ಟ. ಇಲ್ಲಿ ನೋಡು, ಮೊಳೆ ಜಾರಿದೆ." ಒಂದೇ ಒಂದು ಅದೃಷ್ಟ, ಹೆಸರಿದ್ದ ಕಡೆ ನನ್ನ ಪೆಟ್ಟು ಬಿದ್ದಿರಲಿಲ್ಲ. ಸುತ್ತಲೆಲ್ಲ ಮಡಚಿಹೋಗಿ, ಆ ಮೂರು ಅಕ್ಷರ ಮಾತ್ರ ಹಾಗೇ ಇದ್ದವು.

ಸಾಬರು ಬಿಂದಿಗೆಗೆ ದುಡ್ಡೇನೂ ಕೇಳಲಿಲ್ಲ.

ಶಿರಾದಲ್ಲಿ ಆಗ ಪಾವಗಡದ ಕಡೆಯಿಂದ ಬಂದ, ತೆಲುಗು ಬೆರೆಸಿ ಮಾತಾಡುವ ಒಬ್ಬ ಮುದಿ ಕಂಚುಗಾರ ಇದ್ದ, ಓಬಳಾಚಾರಿ. ಅವನ ಕುಲುಮೆಗೆ ಒಯ್ದೆ. ಅವನು ಬಿಂದಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿ ಕೆಳಗಿಟ್ಟ.

"ಚೂಡಮ್ಮಾ. ಕಾಯಿಸಿ, ಒಳಗೆ ಕಬ್ಬಿಣದ ಗುಂಡು ಕೊಟ್ಟು, ಮೇಲಿಂದ ಬಡೀಬೇಕು. ಬಡಿದ್ರೆ ಈ ಚುಕ್ಕೆ ನಿಲ್ಲಲ್ಲ, ಸಪಾಟ ಆಗೋತದೆ. ಪೇರು ಉಳೀಬೇಕು ಅಂದ್ರೆ ಬಿಂದೆ ಇಂಗೇ ಇರ್ತದೆ, ಚಪ್ಪಟೆ. ನೀರು ನಿಲ್ಲಲ್ಲ. ನಿಂಗೆ ಬಿಂದೆ ಕಾವಾಲಾ, ಪೇರು ಕಾವಾಲಾ?"

ಬಿಂದಿಗೆ ಬೇಕೋ, ಹೆಸರು ಬೇಕೋ. ಇಡೀ ಜೀವನದಲ್ಲಿ ಯಾರೂ ನನ್ನನ್ನು ಇಷ್ಟು ನೇರವಾದ ಪ್ರಶ್ನೆ ಕೇಳಿಲ್ಲ. ಒಂದು ದಿನ ಯೋಚಿಸಬಹುದಿತ್ತು. ಗುಮಾಸ್ತರನ್ನು ಕೇಳಬಹುದಿತ್ತು. ನಾನು ಒಂದು ಉಸಿರಿನಲ್ಲಿ ಉತ್ತರ ಕೊಟ್ಟೆ. ನೀರು ನಿಲ್ಲದ ಬಿಂದಿಗೆಯನ್ನು ಯಾರು ಮುಟ್ಟುತ್ತಾರೆ? ನನ್ನ ವ್ಯಾಪಾರದ ಕಣ್ಣಿಗೆ ಜಜ್ಜಿದ್ದು ಗುಜರಿ, ನೆಟ್ಟಗಿರುವುದು ಪಾತ್ರೆ. ಹೆಸರಿನದ್ದೇನು, ಮತ್ತೆ ಬರೆಸಿದರಾಯಿತು. ವನಜ ಎಂದರೆ ಯಾರು ಬರೆದರೂ ವನಜ ತಾನೆ?

"ಬಿಂದಿಗೆ ಮಾಡ್ಕೊಡು ತಾತ. ಹೆಸ್ರು ಬೇರೆ ಬರೆಸ್ತೀನಿ."

"ಬರೆಸ್ತೀಯ, ಸರೇ. ಆ ಚೇಯಿ ಎಕ್ಕಡಿಂದ ತರ್ತೀಯ?" ಎಂದ ಅವನು.

ಆ ಕೈ ಎಲ್ಲಿಂದ ತರುತ್ತೀಯ ಎಂದು ಅವನು ಕೇಳಿದ್ದು. ಮುದುಕ ಗೊಣಗುತ್ತಿದ್ದಾನೆ ಎಂದುಕೊಂಡೆ.

ಎರಡು ದಿನ ಕುಲುಮೆಯ ಮುಂದೆಯೇ ಕೂತಿದ್ದೆ. ಬಿಂದಿಗೆ ಕೆಂಪಾಗಿ, ತಣ್ಣಗಾಗಿ, ಮತ್ತೆ ಕೆಂಪಾಗಿ ನಿಧಾನವಾಗಿ ಉಬ್ಬಿಕೊಂಡಿತು. ಬಾಯಿಗೆ ಹೊಸ ಅಂಚು ಕಟ್ಟಿದ. ಕುಲುಮೆಯ ಬೆಳಕಿನಲ್ಲಿ ಸುತ್ತಿಗೆ ಆ ಮೂರು ಅಕ್ಷರದ ಮೇಲೆ ಬೀಳುವುದನ್ನು ನೋಡಿದೆ. ಮೂರು ನಾಲ್ಕು ಪೆಟ್ಟಿಗೆ ಅವು ಇರಲಿಲ್ಲ. ಆಮೇಲೆ ಪಾತ್ರೆ ಅಂಗಡಿಯ ಮುಂದೆ ಕೂತು ಹೆಸರು ಕೊರೆಯುವವನ ಹತ್ತಿರ ಹೋದೆ. ಅವನು ಅದೇ ಜಾಗದಲ್ಲಿ ಮುದ್ದಾಗಿ, ಮಣಿ ಪೋಣಿಸಿದ ಹಾಗೆ ಬರೆದ. ಕೊನೆಗೆ ಒಂದು ಹೂವನ್ನೂ ಪುಕ್ಕಟೆಯಾಗಿ ಹಾಕಿಕೊಟ್ಟ. ಹೂವು ಅಳಿಸು ಎಂದೆ. ಅಷ್ಟಾದರೂ ಬುದ್ಧಿ ಇತ್ತು. ಅರ ಹಾಕಿ ಉಜ್ಜಿ ಅಳಿಸಿದ.

ಪಟ್ಟಿ ಬಿಚ್ಚಿದ ದಿನ ನಾನು ಆ ಮನೆಗೆ ಹೋದಾಗ ಗೌರಮ್ಮನವರು ಊರಿನ ಆಸ್ಪತ್ರೆಯಿಂದ ಆಗಷ್ಟೇ ಜಟಕಾದಲ್ಲಿ ಬಂದು ಜಗಲಿಯ ಮೇಲೆ ಕೂತಿದ್ದರು. ಮೂಗಿನ ಮೇಲೆ ಸೀಸೆಯ ತಳದಂಥ ದಪ್ಪ ಗಾಜಿನ ಕನ್ನಡಕ. ಬೆಟ್ಟವನ್ನು ನೋಡುತ್ತಿದ್ದರು. ಬಿಂದಿಗೆಯನ್ನು ಅವರ ತೊಡೆಯ ಮೇಲಿಟ್ಟೆ. ಸರೋಜ ಬಾಗಿಲಲ್ಲಿ ಕದ ಹಿಡಿದು ನಿಂತಿದ್ದಳು.

ಅವರು ಎರಡು ಕೈಯಲ್ಲೂ ಅದನ್ನು ಬೆಳಕಿಗೆ ತಿರುಗಿಸಿದರು. ಕನ್ನಡಕದ ಹಿಂದೆ ಕಣ್ಣು ಇಷ್ಟು ದೊಡ್ಡದಾಗಿ ಕಂಡವು.

"ವ... ನ... ಜ" ಎಂದು ಓದಿದರು. ಮುಖ ಅರಳಿತು. ಆ ಮುಖವನ್ನು ನಾನು ಹಾಗೆ ಕಂಡಿರಲೇ ಇಲ್ಲ. ಗೆದ್ದೆ ಅಂದುಕೊಂಡೆ. ನಾನೂ ಸರೋಜಳೂ ಒಬ್ಬರನ್ನೊಬ್ಬರು ನೋಡಿಕೊಂಡೆವು, ಅವಳು ಉಸಿರು ಬಿಟ್ಟಳು.

ಆಮೇಲೆ ಅವರು ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. ಕಣ್ಣು ಮುಚ್ಚಿಕೊಂಡು ಬೆರಳಿಟ್ಟರು.

ಬೆರಳು ಹೋಯಿತು, ನಿಂತಿತು, ಮೊದಲಿಗೆ ಬಂತು. ಮತ್ತೊಮ್ಮೆ ಹೋಯಿತು. ಮೊಳೆ ಜಾರಿದ ಜಾಗದಲ್ಲಿ ಹುಡುಕಿತು. ಬಿಂದಿಗೆಯನ್ನು ಪೂರ್ತಿ ಸುತ್ತಿ ಬಂತು, ಬೇರೆ ಕಡೆ ಇದೆಯೇನೋ ಎಂಬಂತೆ.

ಗೌರಮ್ಮನವರು ಕನ್ನಡಕ ಹಾಕಿಕೊಂಡು ತಲೆಯೆತ್ತಿದರು. ಮೊದಲ ಸಲ ನನ್ನನ್ನು ನೋಡಿದರು.

"ನೀನಾ ಲಕ್ಕಿ?"

"ಹೂಂ ಅಮ್ಮ."

"ಇಷ್ಟು ಚಿಕ್ಕೋಳಾ ನೀನು! ದನಿ ಕೇಳಿ, ಆ ಚೌಕಾಸಿ ಕೇಳಿ, ನಲವತ್ತು ದಾಟಿರಬೇಕು ಅನ್ಕಂಡಿದ್ದೆ. ಇನ್ನೂ ಹುಡುಗಿ ಕಣೆ." ಕನ್ನಡಕವನ್ನು ಮೂಗಿನ ಮೇಲೆ ಸರಿಪಡಿಸಿಕೊಂಡರು. "ನಮ್ ವನಜ ಇದ್ದಿದ್ರೆ ನಿನ್ ವಾರಿಗೇನೇ."

"ಅಮ್ಮ, ನಾನು..."

"ಅಕ್ಷರ ಚೆನ್ನಾಗವೆ. ಬಿಸ್ಲಲ್ಲಿ ಓಡಾಡಿದೀಯ, ಮುಖ ನೋಡಿದ್ರೇ ಗೊತ್ತಾಯ್ತದೆ. ಬುಡು." ಬಾಗಿಲ ಕಡೆ ತಿರುಗಿದರು. "ಸರೋಜ, ತಗೊ ಇದನ್ನ. ಇನ್ ಮ್ಯಾಲೆ ನೀನೇ ನೀರಿಗೆ ಇಟ್ಕೊ."

ಆರು ವರ್ಷ ಮುಟ್ಟಬಾರದಾಗಿದ್ದ ಬಿಂದಿಗೆಯನ್ನು ಸರೋಜ ಎರಡು ಕೈಯಲ್ಲಿ ಹಿಡಿದು ನಿಂತಳು. ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಗೂಡಿನ ಕಡೆ ಒಂದು ಹೆಜ್ಜೆ ಇಟ್ಟವಳು ನಿಂತು, ಅತ್ತೆಯ ಮುಖ ನೋಡಿ, ಅಡುಗೆಮನೆಗೆ ತೆಗೆದುಕೊಂಡು ಹೋದಳು. ಒಳಗೆ ಅವಳು ಅಳುವುದು ಕೇಳಿಸಿತು. ನಮ್ಮಿಬ್ಬರಿಗೂ ಕೇಳಿಸಿತು.

ಆ ವರ್ಷದಿಂದಲೇ ನಾನು ಗುಂಡುಕಲ್ಲು ಹೊರುವುದನ್ನು ಬಿಟ್ಟೆ. ಪಾತ್ರೆಗಳನ್ನು ಇಡಿಯಾಗಿಯೇ ಹೊತ್ತೆ, ಓಡಿ ಬಂದು ಕೇಳಿದವರಿಗೆ ವಾಪಸು ಕೊಟ್ಟೆ. ಸಾಬರ ಗುಮಾಸ್ತರ ಹತ್ತಿರ ಅಕ್ಷರ ಕಲಿತದ್ದೂ ಆ ರಾಶಿಯ ಮುಂದೆ ಕೂತೇ, ಸತ್ತವರ ಹೆಸರು, ಮದುವೆಯಾದವರ ಹೆಸರು ಕೂಡಿಸಿ ಓದುತ್ತಾ. ಮನೆಯಲ್ಲಿ ಹೆಸರು ಬರೆದ ಹಳೇ ಪಾತ್ರೆ ಇದ್ದರೆ ಕೊಡುವ ಮೊದಲು ಮನೆಯವರಿಗೆಲ್ಲ ಒಮ್ಮೆ ತೋರಿಸಿ. ಇದನ್ನು ನಾನು ಸಾವಿರ ಬಾಗಿಲಲ್ಲಿ ಹೇಳಿದ್ದೇನೆ. ಹೇಳಿದ್ದರಿಂದ ನನ್ನ ವ್ಯಾಪಾರ ಕಡಿಮೆಯಾಯಿತು, ಮನಸ್ಸೇನೂ ಹಗುರಾಗಲಿಲ್ಲ.

ಅವತ್ತು ನಾನು ಹೊರಡಲು ಎದ್ದಾಗ ಗೌರಮ್ಮನವರು ನನ್ನ ಬುಟ್ಟಿಯೊಳಗೆ ಬಗ್ಗಿ ನೋಡಿದರು. ನಾನು ಹಿಂದಿನ ಸಲ ಅವರ ಮನೆಯಲ್ಲೇ ಬಿಟ್ಟುಹೋಗಿದ್ದ ಬುಟ್ಟಿ. ಯಾವತ್ತೂ ಸ್ಟೀಲಿನ ಮಾತೆತ್ತದವರು ಒಂದು ಸಣ್ಣ ಲೋಟ ಎತ್ತಿಕೊಂಡು ತಿರುಗಿಸಿದರು.

"ಇದು ನಂಗಿರ್ಲಿ. ನೀರು ಕುಡಿಯಾಕೆ."

"ತಗಳ್ಳಿ ಅಮ್ಮ. ಹಂಗೇ ತಗಳ್ಳಿ" ಎಂದೆ. ಹೊಸ ಪಾತ್ರೆ ಕೊಡುವಾಗ ಎಲ್ಲರನ್ನೂ ಕೇಳುವ ಮಾತು, ಅಭ್ಯಾಸ ಬಲದಿಂದ, ನಾನು ತಡೆಯುವ ಮೊದಲೇ ಬಾಯಿಂದ ಬಂದುಬಿಟ್ಟಿತು. "ಹೆಸ್ರು ಹಾಕ್ಸಿ ತಂದ್ಕೊಡ್ಲಾ?"

ಅವರು ಲೋಟವನ್ನು ತೊಡೆಯ ಮೇಲಿಟ್ಟುಕೊಂಡರು.

"ಬ್ಯಾಡ ಕಣಮ್ಮ" ಎಂದರು. "ಇದು ಬರೀ ಲೋಟ ಆಗಿರ್ಲಿ."